ಹಗುರ ವಿಮಾನಕ್ಕೆ ಏಳೂವರೆ ಎಚ್‌ಪಿ ಬುದ್ಧಿ

ನಮ್ಮ ಪಾಂಡವಪುರದ ಕಡೆ ಐದು ಎಚ್‌ಪಿ ಮೋಟಾರು ಸಾಕಾಗುವ ಬಾವಿಗೂ ಏಳೂವರೆಯದನ್ನೇ ಹಾಕಿಸುತ್ತಾರೆ. ನಾನೂ ಅದೇ ನೀರು ಕುಡಿದವನು. ತೊಂಬತ್ತರ ದಶಕದಲ್ಲಿ ಹಳೇ ಕಾಲದ ನಮೂನೆಯ ಒಂದು ರೇಡಿಯೋ ಕಂಟ್ರೋಲ್ ವಿಮಾನ ಕಟ್ಟಿದೆ. ಹಗುರ ಬಾಲ್ಸಾ ಮರದ ಕಡ್ಡಿ, ಮೇಲೆ ತೆಳು ಕಾಗದ. ಎರಡೂವರೆ ಸಿ.ಸಿ. ಎಂಜಿನ್ ಸಾಕೆಂದು ನಕ್ಷೆಯಲ್ಲೇ ಬರೆದಿತ್ತು. ಪಂಪ್‌ಸೆಟ್ ಅಂಗಡಿಯ ನನ್ನ ಗೆಳೆಯ ಒಪ್ಪಲಿಲ್ಲ. "ದೊಡ್ಡದೇ ಹಾಕ್ಬುಡ್ಲಾ, ಇರ್ಲಿ" ಅಂದ. ಆರೂವರೆ ಸಿ.ಸಿ.ಯದನ್ನು ಕೂರಿಸಿದೆ.

ಮೂತಿ ಭಾರವಾಯಿತು. ಸರಿದೂಗಿಸಲು ಬಾಲಕ್ಕೆ ಸೀಸ ಕಟ್ಟಿದೆವು. ತೊಣ್ಣೂರು ಕೆರೆ ಪಕ್ಕದ ಬಯಲಲ್ಲಿ ವಿಮಾನ ಬೀಸಿದ ಕಲ್ಲಿನಂತೆ ನುಗ್ಗಿ ನೆಲಕ್ಕೆ ಬಡಿಯಿತು. ಮುರಿದ ರೆಕ್ಕೆ ಹಿಡಿದು ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ರೆಕ್ಕೆ ಅಂಟಿಸಿ, ಸೀಸ ಕಿತ್ತುಹಾಕಿ, ನಕ್ಷೆ ಹೇಳಿದ ಚಿಕ್ಕ ಎಂಜಿನ್ನನ್ನೇ ತಂದು ಹಾಕಿದೆ. ಈ ಸಲ ಅದು ಗದ್ದೆ ಮೇಲಿನ ಬೆಳ್ಳಕ್ಕಿಯಂತೆ ನಿಧಾನವಾಗಿ ತೇಲಿತು. ಆ ಸಂಜೆ ನನಗೆ ಇನ್ನೇನೂ ಬೇಡವೆನಿಸಿತು. "ಇಷ್ಟೇ ಸಾಕಾಗಿತ್ತಲ್ಲಾ!" ಅಂದ ಗೆಳೆಯ, ಕತ್ತೆತ್ತಿಕೊಂಡೇ.

ಮಾರನೇ ದಿನ ರೈತರೊಬ್ಬರು ಅವನ ಅಂಗಡಿಗೆ ಬಂದು ಏಳೂವರೆ ಎಚ್‌ಪಿ ಮೋಟಾರು ಕೇಳಿದರು. "ನಿಮ್ಮ ಬಾವಿಗೆ ಐದೇ ಸಾಕು ಗೌಡ್ರೆ" ಅಂದ ಗೆಳೆಯ. ಗೌಡರು ಅವನನ್ನು ಮೇಲಿಂದ ಕೆಳಗೆ ನೋಡಿ, ಎದುರು ಅಂಗಡಿಗೆ ಹೋದರು.