ಅವರ ಷೇರು ಮಾರಿದ ದಿನ

ಕುಕ್ಕರ್ ಇಳಿಸಿ, ಕೈ ಒರೆಸಿಕೊಂಡು, ಎಂದಿನಂತೆ ಟಿವಿ ಹಾಕಿದೆ. ಪರದೆಯ ಕೆಳಗೆ ಷೇರು ಬೆಲೆಗಳು ಓಡತೊಡಗಿದವು. ನಮ್ಮವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಂದ ಕಿವಿಗೆಂದು ಏರಿಸಿದ್ದ ಸೌಂಡನ್ನು ನಾನು ಇಳಿಸಿರಲಿಲ್ಲ.

ಮಗಳ ಕಾಲೇಜಿಗೆಂದು ಅವರು ಕೊಂಡಿದ್ದ ಷೇರು ಈಗ ನನ್ನ ಹೆಸರಿನಲ್ಲಿತ್ತು. ಅವರು ಅಂದುಕೊಂಡಿದ್ದ ಬೆಲೆಯನ್ನು ದಾಟಿ ತಿಂಗಳುಗಳೇ ಕಳೆದಿದ್ದವು. ಇನ್ನೂ ಸ್ವಲ್ಪ ಏರಲಿ ಎನ್ನುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ತಾಳ್ಮೆ ಇದೇ ಎಂದುಕೊಂಡಿದ್ದೆ.

"ಅಮ್ಮ, ಮುಂದಿನ ವಾರ ಫೀಸ್ ಕಟ್ಟದಿದ್ರೆ ಸೀಟು ಬೇರೆಯವ್ರಿಗೆ ಹೋಗತ್ತೆ," ಎಂದಳು ಮಗಳು, ಜಡೆ ಹೆಣೆಯುತ್ತಲೇ. ನಾನು ಪರದೆ ನೋಡುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಅಟ್ಟದ ಕಾಯಿ ಇಳಿಸಲು ಕರೆದರು. ಚೇಳೂರಿನ ತೋಟದಿಂದ ಬಂದ ತೆಂಗಿನಕಾಯಿಯನ್ನು ಪೇಟೆಯಲ್ಲಿರುವ ನಮ್ಮ ಮರಳೂರಿನ ಮನೆಯಲ್ಲೂ ವರ್ಷಗಟ್ಟಲೆ ಅಟ್ಟದ ಮೇಲಿಟ್ಟು ಕೊಬ್ಬರಿ ಮಾಡುತ್ತಿದ್ದೆವು. ಒಳಗಿನ ನೀರು ಇಂಗಿದರೆ ಒಣಗಿದ ತಿರುಳು, ಅಂದರೆ ಗಿಟುಕು, ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ನಮ್ಮವರು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಷೇರೂ ಹಿಂಗೇ ಕಣೇ, ನೀರಿರೋವಾಗ ಒಡೀಬಾರ್ದು," ಎನ್ನುತ್ತಿದ್ದರು. ಆ ಕಿವಿಗೆ ಏನು ಕೇಳುತ್ತಿತ್ತೋ.

ಅವರು ತೀರಿಕೊಂಡ ವರ್ಷ ಯಾರೂ ಇಳಿಸದೆ ಮೂಲೆಯಲ್ಲಿ ಉಳಿದಿದ್ದ ಕಾಯಿ ಕೈಗೆ ಸಿಕ್ಕಿತು. ಅತ್ತೆ ಒಡೆದರು. ಗಿಟುಕು ಹಳದಿಗಟ್ಟಿ ಕಮಟು ಹಿಡಿದಿತ್ತು.

"ಕಾಯ್ಬೇಕು ಅಂದವ್ನೆ ನನ್ ಮಗ. ಇಳಿಸ್ಲೇಬ್ಯಾಡಿ ಅಂದಿದ್ನಾ?" ಎಂದರು. ಕಾಯನ್ನೇ ನೋಡುತ್ತಿದ್ದರು. ಚಿಪ್ಪನ್ನು ಪಕ್ಕಕ್ಕಿಟ್ಟು, "ಕೂಸಿನ ಸೀಟು ನೋಡವ್ವ," ಎಂದರು.

ನಾನು ಟಿವಿ ಆರಿಸಿ ಸೀರೆ ಬದಲಿಸಿದೆ.

ಶಿರಾ ಗೇಟ್ ಹತ್ತಿರದ ಬ್ರೋಕರ್ ಆಫೀಸಿನಲ್ಲಿದ್ದವರು ನಮ್ಮವರಿಗೆ ಪರಿಚಯ. "ಎರಡು ದಿನ ತಡೀರಮ್ಮ, ಇನ್ನೂ ಏರ್ಬೋದು," ಎಂದರು.

"ಏರ್ಲಿ ಬಿಡಿ. ಇವತ್ತಿನ ಬೆಲೆಗೇ ಮಾರ್ಬಿಡಿ."

"ಎಲ್ಲಾನೂ?"

"ಎಲ್ಲಾನೂ."

ಸಹಿ ಹಾಕುವಾಗ ಕೈಯಿಂದ ಇನ್ನೂ ಕಮಟು ವಾಸನೆ ಬರುತ್ತಿತ್ತು. ನಮ್ಮವರು ಕಾಯುತ್ತಿದ್ದುದು ಬೆಲೆಗಾಗಿ. ನಾನು ಕಾಯುತ್ತಿದ್ದುದು ಯಾವ ಬೆಲೆಗೂ ಅಲ್ಲ. ಷೇರು ಇರುವವರೆಗೆ ಬೆಳಿಗ್ಗೆ ಟಿವಿ ಹಾಕಲು ಒಂದು ನೆಪವಿತ್ತು, ಅಷ್ಟೆ.

ಸಂಜೆ ದೀಪ ಹಚ್ಚಿ ಹೊರಗೆ ಬಂದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಬಟ್ಟೆ ತೆಗೆಯುತ್ತಿದ್ದರು.

"ಏನ್ರೀ, ಬೆಳಿಗ್ಗೆ ಸ್ವಲ್ಪ ಹೊತ್ತು ಬಿಟ್ರೆ ಇವತ್ತು ನಿಮ್ಮನೆ ಟಿವಿ ಸದ್ದೇ ಇಲ್ಲ. ಕೆಟ್ಟೋಯ್ತಾ?"