ಮಂಜಮ್ಮ ಸಿಸ್ಟರ್ ಮತ್ತು ನನ್ನ ಹೊಟ್ಟೆನೋವಿನ ನಕ್ಷೆ

ಸೂಜಿ ಕಂಡೊಡನೆ ತಲೆ ತಿರುಗಿದ ನಾನು ಬಿದ್ದದ್ದು ನೆಲದ ಮೇಲಲ್ಲ, ಪಕ್ಕದಲ್ಲಿ ಕೂತಿದ್ದ ರಹಮತ್ ಬೀಯವರ ಟೊಮೆಟೊ ಚೀಲದ ಮೇಲೆ. ಎದ್ದು ನೋಡಿದರೆ ಬಿಳಿ ಪಂಚೆಯೆಲ್ಲ ಕೆಂಪು. "ರಕ್ತ!" ಎಂದು ಕಿರುಚಿದೆ.

"ರಕ್ತ ಅಲ್ಲ ಮೇಷ್ಟ್ರೇ, ನಮ್ಮನೆ ರಾತ್ರಿ ಸಾರು," ಎಂದರು ರಹಮತ್ ಬೀ.

ಇದು ಮೊಳಕಾಲ್ಮುರು ಆಸ್ಪತ್ರೆಯಲ್ಲಿ, ೨೦೦೪ರಲ್ಲಿ. ಸೂಜಿ ಹಿಡಿದಿದ್ದವರು ಮಂಜಮ್ಮ ಸಿಸ್ಟರ್. ಬಿ.ಜಿ. ಕೆರೆಯವರು. ಶೇಂಗಾ ಕೀಳುತ್ತಿದ್ದ ಕೈ ಸೂಜಿ ಹಿಡಿದು ಹದಿನೆಂಟು ವರ್ಷ. ಅರ್ಧ ತಾಲ್ಲೂಕಿನ ಕುಂಡೆಗಳಿಗೆ ಅವರ ಪರಿಚಯವಿತ್ತು. ನಲವತ್ತು ದಾಟಿದ ಮೇಲೆ ನರ್ಸಿಂಗ್ ಡಿಗ್ರಿ ಮಾಡುವ ಹುಕಿ ಬಂದು, ಒಂದು ಸಿದ್ಧಾಂತ ಕಲಿತು ಬಂದಿದ್ದರು. ಕಾಯಿಲೆ ಹೊರಗಿಂದ ನುಗ್ಗಿದ ಕಳ್ಳನಲ್ಲ, ನಾವು ಬದುಕೋ ರೀತಿಯದೇ ಗುರುತು. ಆ ರೀತಿ ರೋಗಿಗೇ ಹೊಳೆದು ಅರಿವು ಬೆಳೆದರೆ ಅದೇ ಆರೋಗ್ಯ, ಕಾಯಿಲೆ ಹೋಗಲಿ ಬಿಡಲಿ. ಇದನ್ನು ಒಬ್ಬ ರೋಗಿಯಲ್ಲಿ ತೋರಿಸಿದರೆ ಪಾಸು. ಇಲ್ಲದಿದ್ದರೆ ಎರಡು ವರ್ಷದ ಓದು ಹಳ್ಳಕ್ಕೆ.

ರೋಗಿಯೇ ಸಿಗಲಿಲ್ಲ. ಹುಲಿಯಪ್ಪ, "ಮೊದ್ಲು ಸೂಜಿ ಹಾಕವ್ವ, ಆಮೇಲೆ ಬೇಕಾದಷ್ಟು ಮಾತಾಡಾನ," ಎಂದವನು ಸೂಜಿ ಹಾಕಿಸಿಕೊಂಡು ಬಸ್ ಹತ್ತಿದ. ತನ್ನ ಬದುಕಿನ ಕಥೆ ಕೇಳಿ ಸಿಸ್ಟರ್ ಹಾಳೆಯ ಮೇಲೆ ಗೆರೆ ಎಳೆಯುವುದನ್ನು ಕಂಡ ಕ್ಯಾತಮ್ಮ, ಕಣಿ ಹೇಳುತ್ತಾರೆಂದೇ ತಿಳಿದಳು. ಮಾರನೆಯ ದಿನ ಎಲೆ ಅಡಿಕೆ, ಮೊರದ ತುಂಬ ಅಕ್ಕಿ ತಂದಿಟ್ಟಳು. "ನನ್ನ ಸೊಸೆ ಯಾವಾಗ ಮಾತು ಕೇಳ್ತಾಳೆ, ನೋಡಿ ಹೇಳವ್ವ."

ಹೀಗಾಗಿ ಉಳಿದವನು, ಸೂಜಿಗೆ ಹೆದರುವ ನಾನು. ನನ್ನದು ಆರು ವರ್ಷದ ಹೊಟ್ಟೆನೋವು. ಮೂರು ಮಧ್ಯಾಹ್ನ ಕೂರಿಸಿಕೊಂಡು, "ಯಾವಾಗ ಬಂತು? ಆಗ ಏನು ನಡೀತಿತ್ತು?" ಎಂದು ಕೆದಕಿ ನಕ್ಷೆ ಬರೆದರು. ನನ್ನ ಮುಂದಿಟ್ಟು, "ನೀವೇ ನೋಡ್ರಿ," ಎಂದರು. ಗಣಪತಿ ಹಬ್ಬ, ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವ... ಒಂದೊಂದು ನೋವಿನ ಪಕ್ಕದಲ್ಲೂ ನನ್ನದೊಂದು ಹಾಸ್ಯ ಭಾಷಣ!

"ನಾನು ಜನರನ್ನ ನಗಿಸೋನು ಸಿಸ್ಟರ್!"

"ಯಾರ್ಯಾರು ನಕ್ಕಿದಾರೆ, ಪಕ್ಕದಾಗೆ ಬರೀರಿ ಮೇಷ್ಟ್ರೇ."

ಪೆನ್ನು ಹಿಡಿದು ಒಂದೊಂದೇ ಭಾಷಣ ನೆನೆಸಿಕೊಂಡೆ. ಕೊನೆಗೆ ನನ್ನೊಬ್ಬನ ಹೆಸರನ್ನೇ ಬರೆದೆ. ಅವತ್ತೇ ಚಳ್ಳಕೆರೆಯ ಕಾರ್ಯಕ್ರಮದವರಿಗೆ ಫೋನ್ ಮಾಡಿ, ಭಾನುವಾರದ ಭಾಷಣಕ್ಕೆ ಬರುವುದಿಲ್ಲ ಎಂದೆ. ಯಾಕೆಂದು ಅವರು ಕೇಳಲೇ ಇಲ್ಲ. ಥ್ಯಾಂಕ್ಸ್ ಅಂದರು.

ಕಾಲೇಜಿಂದ ಪರೀಕ್ಷೆ ಮಾಡಲು ಬಂದ ಮೇಡಂ ನಕ್ಷೆ ನೋಡಿದರು, ನನ್ನನ್ನೂ ನೋಡಿದರು. ಸಿಸ್ಟರ್ ನನ್ನಿಂದಾಗಿ ಎಲ್ಲಿ ಫೇಲಾಗುತ್ತಾರೋ ಎಂಬ ದಿಗಿಲಿಗೆ ನಾನು ಹೊಟ್ಟೆ ಹಿಡಿದುಕೊಂಡೇ ಕೂತಿದ್ದೆ.

"ಇಷ್ಟೆಲ್ಲ ಮಾಡಿ, ಹೊಟ್ಟೆನೋವು ಹೋಯ್ತೇನ್ರೀ?"

ಮಂಜಮ್ಮ ನಗದೇ ಹೇಳಿದರು. "ಇವರದ್ದು ಐತೆ ಮೇಡಂ. ಭಾಷಣ ಬಿಟ್ಟಿದ್ದಾರೆ, ಊರೋರದ್ದು ಹೋಗೈತೆ."