ನಾನೂ ಇಲ್ಲ ಅಂದಿದ್ದೆ

೧೯೮೧ರಲ್ಲಿ, ಏಳನೇ ತರಗತಿಗೆ ನನ್ನ ಓದು ನಿಂತಿತು. ಆಮೇಲಿನದೆಲ್ಲ ರಟ್ಟೆ ಬಲದಿಂದ ಸಂಪಾದಿಸಿದ್ದು. ಕಣ್ಣಿಗೆ ಕಂಡದ್ದನ್ನಲ್ಲದೆ ಬೇರೇನನ್ನೂ ನಂಬಿದವನಲ್ಲ. ದೆವ್ವದ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

೨೦೦೬ರಲ್ಲಿ ದೆಹಲಿಯ ಪೀತಮ್‌ಪುರದಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದೆ. ಹೆಂಡತಿ ಸರೋಜಳ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಸಣ್ಣ ತೂತು ಮಾಡಿ ಕೋಶವನ್ನೇ ತೆಗೆದುಬಿಡುವುದಕ್ಕೆ ದೆಹಲಿಯಲ್ಲಿ ‘ದೂರ್‌ಬೀನ್ ಆಪರೇಷನ್’ ಅನ್ನುತ್ತಾರೆ. ಪಕ್ಕದ ರೋಹಿಣಿ ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅದು ನಿಗದಿಯಾಯಿತು. "ಪೆಹಲೇ ಪೇಟ್ ಕಾ ಕೋಯಿ ಆಪರೇಷನ್?" ಎಂದು, ಹಿಂದೆ ಹೊಟ್ಟೆಯ ಆಪರೇಷನ್ ಏನಾದರೂ ಆಗಿದೆಯೇ ಎಂದು, ಡಾಕ್ಟರು ಕೇಳಿದರು. ಸರೋಜ ನಾಚಿಕೊಂಡು "ನಹೀಂ" ಎಂದಳು. ನಮ್ಮ ಕಡೆ ಹೆಂಗಸರಿಗೆ ಆಪರೇಷನ್ ಎಂದರೆ ಮಕ್ಕಳು ಸಾಕೆಂದು ಮಾಡಿಸಿಕೊಳ್ಳುವುದು, ಅಷ್ಟೇ.

ಆಪರೇಷನ್ನಿನ ದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಯಾವಾಗ ಬಂದು ಕೂತಳೋ, ಅಚ್ಚ ಕನ್ನಡದಲ್ಲಿ ಹೇಳಿದಳು: "ಅಣ್ಣಾ, ಅವರು ಕೇಳಿದ್ದು ಆ ಆಪರೇಷನ್ ಅಲ್ಲ. ಹೊಟ್ಟೆ ಮೇಲೆ ಹಳೇ ಹೊಲಿಗೆ ಇದ್ರೂ ಹೇಳ್ಬೇಕು. ನಾನೂ ಇಲ್ಲ ಅಂದಿದ್ದೆ."

"ನಿನಗ್ಯಾರಮ್ಮ ಹೇಳಿದ್ದು ಇದನ್ನೆಲ್ಲ?"

"ಮಾತು ಆಮೇಲೆ ಆಡು. ಮೊದ್ಲು ಹೋಗಿ ಬಾಗಿಲು ಬಡಿ."

ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಎತ್ತು ಹಾಯ್ದು ಸರೋಜಳ ಹೊಟ್ಟೆಗೆ, ಹೊಕ್ಕುಳದ ಹತ್ತಿರವೇ, ಹೊಲಿಗೆ ಬಿದ್ದಿತ್ತು; ಗುರುತು ಮಾಸಿಹೋಗಿತ್ತು. ಓಡಿಹೋಗಿ ಬಾಗಿಲು ಬಡಿದೆ. ಡಾಕ್ಟರು ಮಾಸ್ಕ್ ಕೆಳಗೆಳೆದು, "ಅರೇ ಭಾಯಿ, ಅಬ್ ಬತಾ ರಹೇ ಹೋ?" ಎಂದು, ಈಗ ಹೇಳುತ್ತಿದ್ದೀಯಲ್ಲ ಎಂದು, ರೇಗಿದರು. ಆದರೂ ಕೇಳಿಸಿಕೊಂಡರು. ಹೊಕ್ಕುಳ ಮುಟ್ಟದೆ, ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದೇ ಕೋಶ ತೆಗೆದರು. ಹಳೆಯ ಗಾಯದ ಒಳಬದಿಗೆ ಕರುಳು ಅಂಟಿಕೊಂಡಿತ್ತಂತೆ. ಮಾಮೂಲಿನಂತೆ ಹೊಕ್ಕುಳದ ಹತ್ತಿರ ತೂತು ಮಾಡಿದ್ದರೆ ಕರುಳಿಗೇ ತಗಲುತ್ತಿತ್ತಂತೆ.

ಕೈಮುಗಿಯೋಣವೆಂದು ಬಂದರೆ ಬೆಂಚು ಖಾಲಿ. ಅಲ್ಲಿದ್ದ ಮಲಯಾಳಿ ನರ್ಸಮ್ಮನನ್ನು ಕೇಳಿದೆ. ಗುರುತು ಹೇಳಿದ ಮೇಲೆ ಆಕೆ ಹಿಂದಿಯಲ್ಲಿ ಹೇಳಿದಳು: ಅಂಥ ಒಬ್ಬರು ಹೋದ ತಿಂಗಳು ಇದೇ ಆಪರೇಷನ್ನಿಗೆ ಬಂದಿದ್ದರು, ಕರುಳಿಗೆ ಪೆಟ್ಟಾಗಿ ತೀರಿಹೋದರು. ಕೊನೆಯ ದಿನ ಹೊಟ್ಟೆ ತೋರಿಸಿ ಏನೋ ಹೇಳುತ್ತಲೇ ಇದ್ದರು. "ನಿಮ್ಮ ಭಾಷೆ ಇಲ್ಲಿ ಯಾರಿಗೂ ಬರಲ್ಲ, ಭಯ್ಯಾ."

ಬೇರೆ ಯಾರೋ ಇರಬಹುದು. ಆದರೆ ಸರೋಜ "ನಹೀಂ" ಎಂದದ್ದು ಬೆಂಚಿನ ಮೇಲಿದ್ದವಳಿಗೆ ಹೇಗೆ ತಿಳಿಯಿತು? ಅದು ಇಂದಿಗೂ ನನಗೆ ಬಗೆಹರಿದಿಲ್ಲ. ಅದಕ್ಕಿಂತ ಸುಡುವುದು ಇನ್ನೊಂದು. ಆ ತಿಂಗಳು ನಾನು ಆಟೋ ಹತ್ತಿದರೆ ಬಂದುಬಿಡುವಷ್ಟು ದೂರದಲ್ಲೇ ಹಿಟ್ಟು ರುಬ್ಬುತ್ತಿದ್ದೆ. ಯಾರಾದರೂ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು, ಬಂದು ಅವಳ ಮಾತನ್ನು ಡಾಕ್ಟರಿಗೆ ತಿಳಿಸುತ್ತಿದ್ದೆ.

ಈಗ ನನಗೆ ಒಂದು ಸ್ವಂತ ಅಂಗಡಿ ಇದೆ, ಮೂರು ಗ್ರೈಂಡರ್ ಇವೆ, ಎರಡು ಕೋಣೆಯ ಮನೆ ಇದೆ, ಸರೋಜ ಇದ್ದಾಳೆ. ಆ ಹೆಂಗಸಿನ ಹೆಸರೊಂದು ನನ್ನ ಹತ್ತಿರ ಇಲ್ಲ.